ಕೋಣೆಯೊಳಗೆ ತಾನೇ ಹಾರುವ ಬ್ಲಿಂಪ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹೀಲಿಯಂ ಬಲೂನಿನಡಿ ಪುಟ್ಟ ಮೋಟಾರು, ಸೆನ್ಸರ್‌ಗಳನ್ನು ಕಟ್ಟಿ, ಕಡಿಮೆ ಖರ್ಚಿನಲ್ಲಿ ತಾನಾಗಿ ಹಾರಾಡುವ ಬ್ಲಿಂಪ್ ತಯಾರಿಸುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಹೆಚ್ಚಿನವರು ಪ್ರೋಗ್ರಾಂ ಬಗ್ಗೆ ಕೇಳಿದ್ದಾರೆ. ಆದರೆ ಅವರ ತೊಂದರೆಯ ಮೂಲ ಬಹುತೇಕ ತೂಕದಲ್ಲೇ ಇದೆ. ಹಾಗಾಗಿ ತೂಕದಿಂದಲೇ ಶುರು ಮಾಡಿದ್ದೇವೆ.

ಪ್ರಶ್ನೆ: ಹುಟ್ಟುಹಬ್ಬಕ್ಕೆ ತರುವ 18 ಇಂಚಿನ ಫಾಯಿಲ್ ಬಲೂನುಗಳನ್ನು ನಾಲ್ಕೈದು ಒಟ್ಟಿಗೆ ಕಟ್ಟಿದರೆ ಒಂದು ಪುಟ್ಟ ರೋಬಾಟ್ ಹೊರುತ್ತವೆಯೇ? ಬಲೂನು ಎಷ್ಟು ಭಾರ ಎತ್ತುತ್ತದೆಂದು ಮೊದಲೇ ತಿಳಿಯುವುದು ಹೇಗೆ?

ಉತ್ತರ: ಹೊರುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಮುದ್ರಮಟ್ಟದಲ್ಲಿ ಒಂದು ಲೀಟರ್ ಗಾಳಿಯ ತೂಕ 1.2 ಗ್ರಾಂ, ಒಂದು ಲೀಟರ್ ಹೀಲಿಯಂನದು 0.17 ಗ್ರಾಂ. ಅಂದರೆ ಶುದ್ಧ ಹೀಲಿಯಂ ಲೀಟರಿಗೆ 1.04 ಗ್ರಾಂ ಎತ್ತುತ್ತದೆ. ಬಲೂನಿಗೆಂದು ಸಿಗುವ ಅನಿಲ ಅಷ್ಟು ಶುದ್ಧವಿರದ ಕಾರಣ ಲೀಟರಿಗೆ 1 ಗ್ರಾಂ ಎಂದು ಹಿಡಿಯಿರಿ. ನಿಮ್ಮ ಊರು ಸಮುದ್ರಮಟ್ಟದಿಂದ 1000 ಮೀಟರ್ ಎತ್ತರದಲ್ಲಿದ್ದರೆ ಅದರಲ್ಲೂ ಸುಮಾರು ಶೇ 10 ಕಳೆಯಿರಿ.

ಎರಡು ದುಂಡನೆಯ ಹಾಳೆಗಳ ಅಂಚು ಅಂಟಿಸಿದ ಫಾಯಿಲ್ ಬಲೂನು ಉಬ್ಬಿದಾಗ ಗೋಳವಾಗುವುದಿಲ್ಲ. ಅದರ ಅಗಲ ಚಪ್ಪಟೆಯಿದ್ದಾಗಿನ ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ. ಗಾತ್ರ ತಿಳಿಯಲು ಸುಲಭದ ಸೂತ್ರವಿದೆ: ಚಪ್ಪಟೆ ಬಲೂನಿನ ತ್ರಿಜ್ಯವನ್ನು ಮೀಟರಿನಲ್ಲಿ ಅಳೆದು, ಅದರ ಘನವನ್ನು 1.22ರಿಂದ ಗುಣಿಸಿದರೆ ಘನಮೀಟರ್ ಲೆಕ್ಕ ಸಿಗುತ್ತದೆ. ಅಂಚಿನ ಅಂಟುಪಟ್ಟಿಯನ್ನು ಅಳತೆಗೆ ಸೇರಿಸಬೇಡಿ.

18 ಇಂಚಿನದು ಎಂದರೆ ಸುಮಾರು 45 ಸೆಂ.ಮೀ. ಅಗಲ. ಅದರೊಳಗೆ ಹಿಡಿಯುವುದು 14 ಲೀಟರ್, ಎತ್ತುವುದು 14 ಗ್ರಾಂ. ಹಾಳೆ ಚದರ ಮೀಟರಿಗೆ 30 ಗ್ರಾಂ ತೂಗಿದರೆ ಬಲೂನಿನ ತೂಕವೇ 10 ಗ್ರಾಂ. ನಿಮಗೆ ಉಳಿದದ್ದು 4 ಗ್ರಾಂ. ಐದು ಬಲೂನು ಕಟ್ಟಿ 70 ಲೀಟರ್ ಹೀಲಿಯಂ ಸುರಿದರೂ ಕೈಗೆ ಸಿಗುವುದು 20 ಗ್ರಾಂ ಮಾತ್ರ. ಅದೇ 36 ಇಂಚಿನ, ಅಂದರೆ 90 ಸೆಂ.ಮೀ. ಅಗಲದ ಒಂದೇ ಬಲೂನಿನಲ್ಲಿ 111 ಲೀಟರ್ ಹಿಡಿಯುತ್ತದೆ. ಹಾಳೆಯ ತೂಕ 38 ಗ್ರಾಂ ಕಳೆದರೆ 73 ಗ್ರಾಂ ಉಳಿಯಿತು. ಅಗಲ ಎರಡರಷ್ಟಾದಾಗ ಹಾಳೆ ನಾಲ್ಕರಷ್ಟಾಗುತ್ತದೆ, ಒಳಗಿನ ಅನಿಲ ಎಂಟರಷ್ಟಾಗುತ್ತದೆ. ಅಂಚಿನ ಸುಕ್ಕುಗಳಿಗೆಂದು ಇನ್ನಷ್ಟು ಕಳೆದು 65 ಗ್ರಾಂ ಎಂದು ಲೆಕ್ಕ ಹಾಕಿಕೊಳ್ಳಿ. ಖಾಲಿ ಬಲೂನನ್ನು ಮೊದಲೇ ತೂಗಿ ನೋಡುವುದನ್ನು ಮರೆಯಬೇಡಿ. ಒಂದೇ ಅಳತೆಯ ಬಲೂನುಗಳ ಹಾಳೆ ದಪ್ಪ ಬೇರೆ ಬೇರೆ ಇರುತ್ತದೆ.

ರಬ್ಬರ್ ಬಲೂನು ಈ ಕೆಲಸಕ್ಕೆ ಬೇಡ. ಹೀಲಿಯಂ ಅದರಿಂದ ಒಂದು ದಿನದೊಳಗೆ ಸೋರಿಹೋಗುತ್ತದೆ. ಫಾಯಿಲ್ ಬಲೂನು ವಾರಗಟ್ಟಲೆ ತೇಲುತ್ತದೆ.

ಪ್ರಶ್ನೆ: ಹೀಲಿಯಂ ದುಬಾರಿ. ಹೈಡ್ರೋಜನ್ ಬಳಸಿದರೆ ಹೆಚ್ಚು ಭಾರ ಎತ್ತುವುದಿಲ್ಲವೇ?

ಉತ್ತರ: ಹೆಚ್ಚೆಂದರೆ ಶೇ 8ರಷ್ಟು. ಗಾಳಿಯಲ್ಲಿ ಶೇ 4ರಿಂದ ಶೇ 75ರವರೆಗೆ ಹೈಡ್ರೋಜನ್ ಬೆರೆತರೆ ಒಂದು ಕಿಡಿ ಸಾಕು. ಈ ಬ್ಲಿಂಪಿನಲ್ಲಿ ಬಳಸುವಂಥ ಬ್ರಷ್ ಮೋಟಾರು ತಿರುಗುವಾಗಲೆಲ್ಲ ಕಿಡಿ ಹಾರಿಸುತ್ತದೆ. ಮನೆಯೊಳಗೆ ಬೇಡವೇ ಬೇಡ.

ಪ್ರಶ್ನೆ: 65 ಗ್ರಾಂನಲ್ಲಿ ಏನೇನು ಕೂರಿಸಬಹುದು? ಬಿಡಿಭಾಗಗಳ ಪಟ್ಟಿ ಕೊಡಿ.

ಉತ್ತರ: ನಾವು ಸೂಚಿಸುವ ಜೋಡಣೆಯಲ್ಲಿ ನಾಲ್ಕು ಮೋಟಾರುಗಳಿವೆ: ಎರಡು ಮುಂದೆ ತಳ್ಳಲು, ಎರಡು ಮೇಲೆ ಕೆಳಗೆ ತಳ್ಳಲು. ಆಟಿಕೆ ಡ್ರೋನ್‌ಗಳಲ್ಲಿ ಬರುವ 7 ಮಿ.ಮೀ. ದಪ್ಪ, 20 ಮಿ.ಮೀ. ಉದ್ದದ ಕೋರ್‌ಲೆಸ್ ಮೋಟಾರು, 55 ಮಿ.ಮೀ. ಪ್ರೊಪೆಲ್ಲರ್ ಸಹಿತ ಸುಮಾರು 4 ಗ್ರಾಂ. ನಾಲ್ಕಕ್ಕೆ 16. ಮೋಟಾರನ್ನು ಎರಡೂ ದಿಕ್ಕಿಗೆ ತಿರುಗಿಸಬೇಕಾದ್ದರಿಂದ ಚಿಪ್ಪಿನ ಆದೇಶದಂತೆ ಮೋಟಾರಿಗೆ ಕರೆಂಟು ಕೊಡುವ ಡಿಆರ್‌ವಿ8833 ಡ್ರೈವರ್ ಎರಡು. ಒಂದರಲ್ಲಿ ಎರಡು ಮೋಟಾರು ಓಡುತ್ತವೆ, ಎರಡೂ ಸೇರಿ 4 ಗ್ರಾಂ. ಇಎಸ್‌ಪಿ32-ಸಿ3 ಚಿಪ್ ಇರುವ ಹೆಬ್ಬೆರಳಿನಗಲದ ಬೋರ್ಡ್ 3 ಗ್ರಾಂ. ವೈಫೈ ಅದರಲ್ಲೇ ಇದೆ. 300 ಎಂಎಎಚ್‌ನ (ಮಿಲಿಆಂಪ್-ಅವರ್) ಒಂದೇ ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ 8 ಗ್ರಾಂ. ಎತ್ತರ ಅಳೆಯಲು ವಿಎಲ್53ಎಲ್1ಎಕ್ಸ್ ಲೇಸರ್ ಸೆನ್ಸರ್ 1 ಗ್ರಾಂ, ತಿರುಗುವಿಕೆ ಅಳೆಯಲು ಎಂಪಿಯು6050 ಗೈರೋ 2 ಗ್ರಾಂ. ಬಾಲ್ಸಾ ಕಡ್ಡಿ ಅಥವಾ ಸಣ್ಣ ಕಾರ್ಬನ್ ಕಡ್ಡಿಯ ಚೌಕಟ್ಟಿಗೆ 5, ತಂತಿಗಳಿಗೆ 4, ಅಂಟುಪಟ್ಟಿಗೆ 3. ಒಟ್ಟು 46 ಗ್ರಾಂ. ಉಳಿದ 19 ಗ್ರಾಂನಲ್ಲಿ 10 ಗ್ರಾಂನ ಇಎಸ್‌ಪಿ32 ಕ್ಯಾಮೆರಾ ಬೋರ್ಡ್ ಕೂರಿಸಿದರೂ ಸರಿದೂಗಿಸಲು ಜಾಗವಿರುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಜನ ಎಡವುವುದು ಡ್ರೈವರ್ ವಿಷಯದಲ್ಲಿ. ಕಲಿಕೆಯ ಕಿಟ್‌ಗಳಲ್ಲಿ ಬರುವ ಎಲ್298ಎನ್ ಬೋರ್ಡು ಶಾಖ ಹೀರುವ ಲೋಹದ ತುಂಡಿನ ಸಮೇತ 25 ಗ್ರಾಂ ಮೀರುತ್ತದೆ. ಅದಲ್ಲದೆ ಅದು ತನ್ನೊಳಗೇ ಸುಮಾರು 2 ವೋಲ್ಟ್ ನುಂಗುತ್ತದೆ. 3.7 ವೋಲ್ಟಿನ ಬ್ಯಾಟರಿಗೆ ಅದನ್ನು ಜೋಡಿಸಿದರೆ ಮೋಟಾರು ಸರಿಯಾಗಿ ತಿರುಗುವುದೂ ಇಲ್ಲ. ಡಿಆರ್‌ವಿ8833 ಆದರೆ 2.7 ವೋಲ್ಟಿನಿಂದಲೇ ಕೆಲಸ ಮಾಡುತ್ತದೆ.

ತಂತಿಯ ತೂಕವನ್ನೂ ಹಗುರವಾಗಿ ಕಾಣಬೇಡಿ. ಮೋಟಾರಿಗೆ ಬಂದಿರುವ ತೆಳು ತಂತಿಯನ್ನೇ ಬಳಸಿ, ಪಿನ್ ಕನೆಕ್ಟರ್ ಬಿಟ್ಟು ನೇರ ಬೆಸುಗೆ ಹಾಕಿ. ಪ್ರತಿ ಭಾಗವನ್ನೂ 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿಟ್ಟು ಬರೆದುಕೊಳ್ಳಿ. ಬಲೂನು ತುಂಬಿಸುವ ಮೊದಲು ಈ ಪಟ್ಟಿ ಮುಗಿದಿರಬೇಕು.

ಪ್ರಶ್ನೆ: ಸಿಗಾರಿನಂಥ ಉದ್ದನೆಯ ಆಕಾರವೇ ಬ್ಲಿಂಪಿಗೆ ಸರಿಯಲ್ಲವೇ? ನೀವು ತಟ್ಟೆಯಂಥ ದುಂಡು ಬಲೂನನ್ನು ಯಾಕೆ ಹೇಳುತ್ತೀರಿ?

ಉತ್ತರ: ನೇರ ದಾರಿಯಲ್ಲಿ ದೂರ ಹೋಗುವುದಾದರೆ ಉದ್ದನೆಯದೇ ಉತ್ತಮ, ಗಾಳಿಯ ತಡೆ ಕಡಿಮೆ. ಕೋಣೆಯೊಳಗೆ ನಿಂತಲ್ಲೇ ತಿರುಗುವುದು, ಬದಿಗೆ ಸರಿಯುವುದು, ಒಂದೆಡೆ ನಿಲ್ಲುವುದೇ ಮುಖ್ಯ. ದುಂಡನೆಯದು ಅಡ್ಡಲಾಗಿ ಯಾವ ದಿಕ್ಕಿಗೆ ಹೋದರೂ ಗಾಳಿಯ ತಡೆ ಒಂದೇ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು ಕೋಣೆಯೊಳಗೆ ಹಾರಿಸಲು ರೂಪಿಸಿದ ಜಿಟಿ-ಎಂಎಬಿ ಬ್ಲಿಂಪ್ ಕೂಡ ತಟ್ಟೆಯಾಕಾರದ್ದೇ. ಉದ್ದ ಆಕಾರ ಬೇಕೇ ಬೇಕೆಂದರೆ ಒಂದು ಮಾತು: ಅದೇ 111 ಲೀಟರ್ ಹಿಡಿಸಲು ಹೆಚ್ಚು ಹಾಳೆ ಬೇಕು, ಅಂದರೆ ಹೊರುವ ಭಾರ ಕಡಿಮೆಯಾಗುತ್ತದೆ.

ಪ್ರಶ್ನೆ: ಮೇಜಿನ ಮೇಲೆ ಎಲ್ಲ ಸರಿ ಇರುತ್ತದೆ. ಯುಎಸ್‌ಬಿ ತೆಗೆದು ಬ್ಯಾಟರಿ ಹಾಕಿ ಮೋಟಾರು ಶುರು ಮಾಡಿದ ಕೂಡಲೇ ಬೋರ್ಡು ರೀಸೆಟ್ ಆಗುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ. ಏನು ಮಾಡಲಿ?

ಉತ್ತರ: ಮೋಟಾರು ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಆಗ ಬ್ಯಾಟರಿಯ ವೋಲ್ಟೇಜು ಕುಸಿಯುತ್ತದೆ. ಇಎಸ್‌ಪಿ32ಗೆ ಕನಿಷ್ಠ 3 ವೋಲ್ಟ್ ಬೇಕು. ನಿಮ್ಮ ಬೋರ್ಡಿನ ಮೇಲಿನ ರೆಗ್ಯುಲೇಟರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿಡುವ ಭಾಗ) ಎಎಂಎಸ್1117 ಆಗಿದ್ದರೆ ಅದಕ್ಕೆ ಒಳಬರುವ, ಹೊರಹೋಗುವ ವೋಲ್ಟೇಜುಗಳ ನಡುವೆಯೇ 1 ವೋಲ್ಟಿಗಿಂತ ಹೆಚ್ಚು ಅಂತರ ಬೇಕು. 3.7 ವೋಲ್ಟಿನಲ್ಲಿ ಅದನ್ನು ಕಳೆದರೆ ಉಳಿಯುವುದು 2.6. ಯುಎಸ್‌ಬಿಯಲ್ಲಿ 5 ವೋಲ್ಟ್ ಬರುವುದರಿಂದ ಮೇಜಿನ ಮೇಲೆ ಈ ದೋಷ ಕಾಣಲೇ ಇಲ್ಲ.

ಬ್ಯಾಟರಿಯಿಂದಲೇ ನಡೆಯಲೆಂದು ಮಾಡಿದ, 0.3 ವೋಲ್ಟಿಗಿಂತ ಕಡಿಮೆ ಅಂತರದಲ್ಲಿ ಕೆಲಸ ಮಾಡುವ ರೆಗ್ಯುಲೇಟರ್ ಇರುವ ಬೋರ್ಡನ್ನು ಆರಿಸಿ. ಡ್ರೈವರಿನ ವಿದ್ಯುತ್ ಕಾಲುಗಳ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆಯಿರಿ. ಅದು 10 ಸೆಂ.ಮೀ. ತಂತಿಯ ಆಚೆ ಇದ್ದರೆ ಪ್ರಯೋಜನ ಕಡಿಮೆ. ಬ್ಯಾಟರಿಯಿಂದ ಡ್ರೈವರಿಗೆ ಬೇರೆ ತಂತಿ, ಬೋರ್ಡಿಗೆ ಬೇರೆ ತಂತಿ ಎಳೆಯಿರಿ. ಪ್ರೋಗ್ರಾಂನಲ್ಲಿ ಮೋಟಾರಿನ ಶಕ್ತಿ ಸೊನ್ನೆಯಿಂದ ಪೂರ್ತಿಗೆ ಏರಲು ಅರ್ಧ ಸೆಕೆಂಡಾದರೂ ಹಿಡಿಯುವಂತೆ ಮಾಡಿ.

ಇಷ್ಟಾದರೂ ನಿಲ್ಲದಿದ್ದರೆ ಬ್ಯಾಟರಿಯನ್ನೇ ನೋಡಿ. ಹೆಡ್‌ಫೋನಿನಂಥ ಉಪಕರಣಗಳಿಗೆ ಬರುವ ಪುಟ್ಟ ಸೆಲ್ಲುಗಳ ತಲೆಯ ಮೇಲಿನ ರಕ್ಷಣಾ ಸರ್ಕ್ಯೂಟ್ ಹೆಚ್ಚು ಕರೆಂಟು ಎಳೆದರೆ ತಾನೇ ಕಡಿದುಕೊಳ್ಳುತ್ತದೆ. ಡ್ರೋನಿಗೆಂದು ಬರುವ 20ಸಿ (ಅಂದರೆ ತನ್ನ ಸಾಮರ್ಥ್ಯದ ಸಂಖ್ಯೆಯ 20 ಪಟ್ಟು ಕರೆಂಟು ಕೊಡಬಲ್ಲ) ಅಥವಾ ಮೇಲಿನ ಸೆಲ್ಲು ಬೇಕು. ಹಾರುವಾಗ ವೋಲ್ಟೇಜು 3.3ಕ್ಕೆ ಇಳಿದರೆ ಇಳಿಸಿಬಿಡಿ. ಇದಕ್ಕೂ ಕೆಳಗೆ ಹೋದರೆ ಸೆಲ್ಲು ಕೆಡುತ್ತದೆ, ಉಬ್ಬಿದ ಸೆಲ್ಲನ್ನು ಮತ್ತೆ ಚಾರ್ಜ್ ಮಾಡಬಾರದು.

ಪ್ರಶ್ನೆ: ಒಂದೂವರೆ ಮೀಟರ್ ಎತ್ತರದಲ್ಲಿ ನಿಲ್ಲು ಎಂದರೆ ನಮ್ಮ ಬ್ಲಿಂಪ್ ಒಮ್ಮೆ ಚಾವಣಿಗೆ, ಒಮ್ಮೆ ನೆಲಕ್ಕೆ ಹೋಗಿ ಬರುತ್ತದೆ. ಎತ್ತರದ ತಪ್ಪು ನೋಡಿ ಮೋಟಾರಿನ ಶಕ್ತಿ ಹೊಂದಿಸುವ ಪಿಐಡಿ ಲೆಕ್ಕದ ಮೂರೂ ಸಂಖ್ಯೆಗಳನ್ನು ಬದಲಿಸಿ ಸಾಕಾಯಿತು.

ಉತ್ತರ: ಊಹೆಯಿಂದ ಬದಲಿಸಿದರೆ ಸಾಕಾಗುವುದೇ ಸರಿ. ಮೊದಲು ಬ್ಲಿಂಪಿನ ಸ್ವಭಾವ ಅರಿಯಿರಿ. ತೇಲುತ್ತಿರುವ ಬ್ಲಿಂಪಿನ ಒಟ್ಟು ತೂಕ, ಒಳಗಿನ ಹೀಲಿಯಂ ಸೇರಿ, ಅದು ಸರಿಸಿದ ಗಾಳಿಯ ತೂಕಕ್ಕೆ ಸಮ. 111 ಲೀಟರಿಗೆ ಅದು ಸುಮಾರು 134 ಗ್ರಾಂ. ಇದರ ಜತೆಗೆ ಬಲೂನು ಚಲಿಸುವಾಗ ಸುತ್ತಲಿನ ಗಾಳಿಯನ್ನೂ ತಳ್ಳಿಕೊಂಡು ಹೋಗಬೇಕು. ಗೋಳಕ್ಕೆ ಈ ಹೆಚ್ಚುವರಿ ಹೊರೆ ಸರಿಸಿದ ಗಾಳಿಯ ಅರ್ಧದಷ್ಟು. ತಟ್ಟೆಯಾಕಾರದ್ದು ಮೇಲೆ ಕೆಳಗೆ ಹೋಗುವಾಗ ಇನ್ನೂ ಹೆಚ್ಚು. ಅಂದರೆ ಮೋಟಾರಿನ ಪಾಲಿಗೆ ಇದು 240 ಗ್ರಾಂ ಆಸುಪಾಸಿನ ವಸ್ತು. ನಿಧಾನದ ಚಲನೆಯಲ್ಲಿ ಗಾಳಿಯ ತಡೆ ಎಷ್ಟು ಕಡಿಮೆಯೆಂದರೆ, ಒಮ್ಮೆ ಹೊರಟದ್ದು ಮೋಟಾರು ನಿಲ್ಲಿಸಿದ ಮೇಲೂ ಸಾಗುತ್ತಲೇ ಇರುತ್ತದೆ.

ಆದ್ದರಿಂದ ಇಲ್ಲಿ ದೂರದ ತಪ್ಪಿಗಿಂತ ವೇಗಕ್ಕೆ ಹೆಚ್ಚು ಬೆಲೆ ಕೊಡಬೇಕು. ನಮ್ಮ ಲೆಕ್ಕದಲ್ಲಿ ಶುರುವಿನ ಸಂಖ್ಯೆಗಳು ಹೀಗೆ: ಎತ್ತರದಲ್ಲಿ ಪ್ರತಿ 10 ಸೆಂ.ಮೀ. ವ್ಯತ್ಯಾಸಕ್ಕೆ 1 ಗ್ರಾಂ ತಳ್ಳು (ಅಂದರೆ 1 ಗ್ರಾಂ ಭಾರವನ್ನು ಎತ್ತಿ ಹಿಡಿಯುವಷ್ಟು ಬಲ). ಸೆಕೆಂಡಿಗೆ 10 ಸೆಂ.ಮೀ. ವೇಗಕ್ಕೆ ಎದುರು ದಿಕ್ಕಿನಲ್ಲಿ 3 ಗ್ರಾಂ ತಳ್ಳು. ಎರಡನೆಯದನ್ನು ಬಿಟ್ಟರೆ ಬ್ಲಿಂಪ್ ಸುಮಾರು 10 ಸೆಕೆಂಡಿಗೊಮ್ಮೆ ಮೇಲೆ ಕೆಳಗೆ ತೂಗಾಡುತ್ತದೆ. ನಿಮಗೆ ಆಗುತ್ತಿರುವುದೂ ಬಹುಶಃ ಇದೇ. ಹೀಲಿಯಂ ಸೋರಿ ನಿಧಾನವಾಗಿ ಭಾರವಾಗುವುದನ್ನು ಸರಿದೂಗಿಸಲು ಮೂರನೆಯ, ಕೂಡುತ್ತಾ ಹೋಗುವ ಅಂಶವನ್ನು ಸ್ವಲ್ಪವೇ ಇಟ್ಟು, ಅದು 3 ಗ್ರಾಂ ಮೀರದಂತೆ ಕಟ್ಟುಹಾಕಿ.

ಸಂಖ್ಯೆಗಳು ಗ್ರಾಂನಲ್ಲಿವೆ, ಮೋಟಾರಿಗೆ ಹೋಗುವುದು ಪಿಡಬ್ಲ್ಯುಎಂ, ಅಂದರೆ ಕರೆಂಟನ್ನು ಬೇಗ ಬೇಗ ಕೊಟ್ಟು ನಿಲ್ಲಿಸಿ ಶಕ್ತಿ ಹೊಂದಿಸುವ ಸಂಕೇತ. ಇವೆರಡನ್ನು ಬೆಸೆಯುವ ಕೋಷ್ಟಕವನ್ನು ನೀವೇ ಮಾಡಬೇಕು. ಮೋಟಾರನ್ನು ತಕ್ಕಡಿಯ ಮೇಲೆ 15 ಸೆಂ.ಮೀ. ಎತ್ತರದ ಕಡ್ಡಿಗೆ ಕಟ್ಟಿ, ಗಾಳಿ ಮೇಲಕ್ಕೆ ಹೋಗುವಂತೆ ತಿರುಗಿಸಿ, ಶೇ 10ರಿಂದ ಶೇ 100ರವರೆಗೆ ಹತ್ತತ್ತು ಹೆಚ್ಚಿಸುತ್ತ ತಕ್ಕಡಿ ತೋರಿಸಿದ್ದನ್ನು ಬರೆಯಿರಿ. ಶುರುವಿನ ಶೇ 10–15ರಲ್ಲಿ ಮೋಟಾರು ಅಲುಗುವುದೇ ಇಲ್ಲ. ಈ ಸತ್ತ ಭಾಗವನ್ನು ಪ್ರೋಗ್ರಾಂನಲ್ಲಿ ದಾಟಿಸದಿದ್ದರೆ ಬೇರೆ ಎಲ್ಲ ಸರಿಯಿದ್ದರೂ ಬ್ಲಿಂಪ್ ಸಣ್ಣಗೆ ತೂಗಾಡುತ್ತಲೇ ಇರುತ್ತದೆ. ಹಿಮ್ಮುಖವಾಗಿ ತಿರುಗಿಸಿದಾಗಿನ ಕೋಷ್ಟಕ ಬೇರೆಯೇ ಬೇಕು. ಪ್ರೊಪೆಲ್ಲರಿನ ಬಾಗು ಒಂದೇ ದಿಕ್ಕಿಗಿರುವುದರಿಂದ ಎದುರು ದಿಕ್ಕಿನಲ್ಲಿ ತಳ್ಳು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪಿಡಬ್ಲ್ಯುಎಂ ಆವರ್ತನ 20 ಕಿಲೋಹರ್ಟ್ಸ್ ಇಡಿ. ಕೀರಲು ಸದ್ದು ನಿಲ್ಲುತ್ತದೆ, ಕೋರ್‌ಲೆಸ್ ಮೋಟಾರೂ ತಣ್ಣಗಿರುತ್ತದೆ.

ಪ್ರಶ್ನೆ: ಎತ್ತರ ಅಳೆಯಲು ಬಿಎಂಪಿ280 ಒತ್ತಡ ಸೆನ್ಸರ್ ಸಾಲದೇ? ಅದು ಲೇಸರಿಗಿಂತ ಅಗ್ಗ.

ಉತ್ತರ: ಅದೊಂದೇ ಸಾಲದು. ಒಂದು ಪ್ಯಾಸ್ಕಲ್ ಒತ್ತಡ ಸುಮಾರು 8 ಸೆಂ.ಮೀ. ಎತ್ತರಕ್ಕೆ ಸಮ. ಬಾಗಿಲು ತೆರೆದರೆ, ಏಸಿ ಶುರುವಾದರೆ ಕೋಣೆಯ ಒತ್ತಡ ಹಲವು ಪ್ಯಾಸ್ಕಲ್ ಬದಲಾಗುತ್ತದೆ. ಬ್ಲಿಂಪ್ ಅಲುಗದಿದ್ದರೂ ಅರ್ಧ ಮೀಟರ್ ಏರಿದಂತೆ ತೋರುತ್ತದೆ.

ಲೇಸರ್ ಸೆನ್ಸರಿಗೂ ಮಿತಿಯಿದೆ. ವಿಎಲ್53ಎಲ್1ಎಕ್ಸ್ ಮಂದ ಬೆಳಕಿನಲ್ಲಿ 4 ಮೀಟರ್ ಅಳೆಯುತ್ತದೆ. ಬಿಸಿಲು ಬೀಳುವ ಕಡೆ ಒಂದು ಮೀಟರ್ ದಾಟುವುದೇ ಕಷ್ಟ. ಅದರ ನೋಟ 27 ಡಿಗ್ರಿ ಅಗಲ. 3 ಮೀಟರ್ ಕೆಳಗೆ ಅದು ನೋಡುವುದು ಸುಮಾರು 1.4 ಮೀಟರ್ ಅಡ್ಡಳತೆಯ ವೃತ್ತವನ್ನು. ಹಾಗಾಗಿ ಪಕ್ಕದ ಮೇಜು, ಕುರ್ಚಿ ಎಲ್ಲವೂ ಅಳತೆಯೊಳಗೆ ಬರುತ್ತವೆ. ಮೇಜಿನ ಮೇಲೆ ಹಾದಾಗ ಎತ್ತರ ಒಮ್ಮೆಗೇ 75 ಸೆಂ.ಮೀ. ಕುಸಿದಂತೆ ಕಂಡು, ಬ್ಲಿಂಪ್ ಚಾವಣಿಗೆ ನೆಗೆಯುತ್ತದೆ.

ಪರಿಹಾರ ಸರಳ. ಈ ಬ್ಲಿಂಪ್ ಸೆಕೆಂಡಿಗೆ ಒಂದು ಮೀಟರಿಗಿಂತ ವೇಗವಾಗಿ ಹೋಗಲಾರದು. 50 ಮಿಲಿಸೆಕೆಂಡಿಗೊಮ್ಮೆ ಅಳೆದರೆ ಎರಡು ಅಳತೆಗಳ ನಡುವೆ 5 ಸೆಂ.ಮೀ. ಮೀರಿದ ವ್ಯತ್ಯಾಸ ನಿಜವಲ್ಲ. ಅಂಥದ್ದು ಬಂದರೆ ಹಳೆಯ ಎತ್ತರವನ್ನೇ ಇಟ್ಟುಕೊಂಡು, ಒತ್ತಡ ಸೆನ್ಸರಿನ ಏರಿಳಿತವನ್ನು ಮಾತ್ರ ಅದಕ್ಕೆ ಕೂಡಿಸುತ್ತ ಹೋಗಿ. ಲೇಸರ್ ಅಳತೆ ಮೊದಲಿನ ಮಟ್ಟಕ್ಕೆ ಮರಳಿದಾಗ ಮತ್ತೆ ಅದನ್ನು ನಂಬಿ. ಎರಡೂ ಸೇರಿ 3 ಗ್ರಾಂ ಮೀರುವುದಿಲ್ಲ, ಇಷ್ಟು ತೂಕ ಕೊಡುವುದಕ್ಕೆ ಹಿಂಜರಿಯಬೇಡಿ.

ಪ್ರಶ್ನೆ: ಮೇಲೇರುವಾಗ ನಮ್ಮದು ಬುಗುರಿಯಂತೆ ಸುತ್ತುತ್ತದೆ. ಮುಂದೆ ಹೋಗೆಂದರೆ ಮೂಗು ಎತ್ತಿ ಜೋಲಾಡುತ್ತದೆ.

ಉತ್ತರ: ಇವು ಎರಡು ಬೇರೆ ತೊಂದರೆಗಳು. ಪ್ರೊಪೆಲ್ಲರ್ ಒಂದು ಕಡೆ ತಿರುಗಿದರೆ ಬ್ಲಿಂಪ್ ಎದುರು ಕಡೆ ತಿರುಗಲು ನೋಡುತ್ತದೆ. ದುಂಡು ಬಲೂನಿಗೆ ಅದನ್ನು ತಡೆಯುವ ಬಾಲವಿಲ್ಲ. ಮೇಲೆತ್ತುವ ಮೋಟಾರು ಎರಡಿದ್ದು, ಒಂದರಲ್ಲಿ ಗಡಿಯಾರದ ದಿಕ್ಕಿನ, ಇನ್ನೊಂದರಲ್ಲಿ ಎದುರು ದಿಕ್ಕಿನ ಪ್ರೊಪೆಲ್ಲರ್ ಹಾಕಿದರೆ ಎರಡೂ ಒಂದನ್ನೊಂದು ಕಳೆಯುತ್ತವೆ. ಉಳಿದದ್ದನ್ನು ಗೈರೋ ನೋಡಿಕೊಳ್ಳಲಿ: ಸೆಕೆಂಡಿಗೆ 100 ಸಲ ತಿರುಗುವ ವೇಗ ಓದಿ, ಮುಂದೆ ತಳ್ಳುವ ಎರಡು ಮೋಟಾರುಗಳ ನಡುವಿನ ವ್ಯತ್ಯಾಸದಿಂದ ಅದನ್ನು ಸೊನ್ನೆಗೆ ತನ್ನಿ. ಈ ಎರಡು ಮೋಟಾರುಗಳ ನಡುವೆ 20 ಸೆಂ.ಮೀ. ಆದರೂ ಅಂತರವಿರಲಿ. ಗೈರೋದ ಸೊನ್ನೆ ಗುರುತಿಸುವಾಗ ಬ್ಲಿಂಪನ್ನು ಮೇಜಿಗೆ ಒತ್ತಿ ಹಿಡಿಯಿರಿ. ತೇಲುತ್ತಿರುವುದು ಎಂದೂ ಪೂರ್ತಿ ನಿಶ್ಚಲವಲ್ಲ. ದಿಕ್ಸೂಚಿ ಸೆನ್ಸರನ್ನು ನೆಚ್ಚಬೇಡಿ. ಕಾಂಕ್ರೀಟಿನೊಳಗಿನ ಕಬ್ಬಿಣ, ಮೋಟಾರಿನ ಆಯಸ್ಕಾಂತ ಎರಡೂ ಅದನ್ನು ದಾರಿ ತಪ್ಪಿಸುತ್ತವೆ.

ಜೋಲಾಡುವುದಕ್ಕೆ ಕಾರಣ, ಮೋಟಾರು ಕೆಳಗಿದೆ, ಗಾಳಿಯ ತಡೆ ಮೇಲೆ ಬಲೂನಿನ ನಡುವಿನಲ್ಲಿದೆ. ಚೌಕಟ್ಟನ್ನು ತೂಗುಬಿಡದೆ ಬಲೂನಿನ ಹೊಟ್ಟೆಗೇ ಒತ್ತಿ ಅಂಟಿಸಿ, ಬ್ಯಾಟರಿಯನ್ನು ಮಾತ್ರ ಕೆಳಗಿಡಿ. ಮುಂದಿನ ತಳ್ಳು ಒಂದು ಸೆಕೆಂಡಿನಲ್ಲಿ ನಿಧಾನವಾಗಿ ಏರಲಿ. ಜೋಲಾಡಿದಾಗ ಲೇಸರ್ ಓರೆಯಾಗಿ ನೋಡಿ ಎತ್ತರವನ್ನೂ ತಪ್ಪಾಗಿ ಹೇಳುತ್ತದೆಂಬುದು ನೆನಪಿರಲಿ.

ಪ್ರಶ್ನೆ: ಗೋಡೆಗೆ ಡಿಕ್ಕಿ ಹೊಡೆಯದಂತೆ ಎಷ್ಟು ದೂರದಲ್ಲಿ ನಿಲ್ಲಿಸಬೇಕು? ಏಸಿ ಇರುವ ಸಭಾಂಗಣದಲ್ಲಿ ಹಾರಿಸಬಹುದೇ?

ಉತ್ತರ: ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿದ್ದಾಗ 5 ಗ್ರಾಂ ಹಿಮ್ಮುಖ ತಳ್ಳು ಪೂರ್ತಿ ಸಿಕ್ಕರೆ ಅರ್ಧ ಮೀಟರಿನಲ್ಲಿ ನಿಲ್ಲುತ್ತದೆ. ಹಿಮ್ಮುಖದಲ್ಲಿ ಅರ್ಧವೇ ಸಿಗುವುದರಿಂದ ಒಂದು ಮೀಟರ್ ಬೇಕು. ಮುಂದೆ ನೋಡುವ ಲೇಸರ್ ಸೆನ್ಸರ್ ಇಟ್ಟು 1.5 ಮೀಟರಿನಲ್ಲೇ ತಡೆಯಲು ಶುರು ಮಾಡಿ. ಗಾಜಿನ ಗೋಡೆ ಅದಕ್ಕೆ ಕಾಣಿಸದು.

ಗಾಳಿಯ ಮಾತಿಗೆ ಬಂದರೆ, ಬದಿಯಿಂದ ನೋಡಿದಾಗ ಈ ಬಲೂನಿನ ಹರವು 0.22 ಚದರ ಮೀಟರ್. ತಡೆಯ ಗುಣಾಂಕ 0.4 ಎಂದು ಹಿಡಿದರೆ ಸೆಕೆಂಡಿಗೆ ಅರ್ಧ ಮೀಟರ್ ಗಾಳಿಗೆ 1.4 ಗ್ರಾಂ ತಳ್ಳು ಸಾಕು, ಒಂದು ಮೀಟರ್ ಗಾಳಿಗೆ 5 ಗ್ರಾಂ ಮೀರಬೇಕು. ಏಸಿಯ ಕಿಂಡಿಯ ಎದುರು ಗಾಳಿ ಇದಕ್ಕಿಂತ ಜೋರಾಗಿರುತ್ತದೆ. ಏಸಿ ನಿಲ್ಲಿಸಿ ಹಾರಿಸಿ. ಚಾವಣಿ ಫ್ಯಾನು ಇರುವ ಕಡೆ ಸ್ವಿಚ್ಚಿಗೇ ಅಂಟುಪಟ್ಟಿ ಹಾಕಿ, ಯಾರೂ ಅರಿಯದೆ ಒತ್ತದಂತೆ ನೋಡಿಕೊಳ್ಳಿ.

ಪ್ರಶ್ನೆ: ಕೋಣೆಯಲ್ಲಿ ತಾನೆಲ್ಲಿದ್ದೇನೆ ಎಂದು ಬ್ಲಿಂಪಿಗೆ ತಿಳಿಯುವುದು ಹೇಗೆ? ಜಿಪಿಎಸ್ ಒಳಗೆ ಸಿಗುವುದಿಲ್ಲವಲ್ಲ.

ಉತ್ತರ: 2009ರಲ್ಲಿ ಬಂದ ಬ್ಲಿಂಪ್‌ಡುಯಿನೊ ಎಂಬ ಮುಕ್ತ ವಿನ್ಯಾಸದಲ್ಲಿ ನೆಲದ ಮೇಲೆ ಇನ್‌ಫ್ರಾರೆಡ್ ದೀಪವಿಟ್ಟು, ಬ್ಲಿಂಪ್ ಅದರ ಕಡೆಗೆ ಬರುವಂತೆ ಮಾಡಿದ್ದರು. ಇಂದು ಏಪ್ರಿಲ್‌ಟ್ಯಾಗ್ ಎಂಬ ಮುದ್ರಿತ ಗುರುತು ಇನ್ನೂ ಸುಲಭ, ಸ್ಥಳ ದಿಕ್ಕು ಎರಡೂ ಸಿಗುತ್ತವೆ. ಚೌಕಾಕಾರದ ಕಪ್ಪು ಬಿಳುಪು ಗುರುತುಗಳನ್ನು ಮುದ್ರಿಸಿ ನೆಲಕ್ಕೆ ಅಂಟಿಸಿ. ಬ್ಲಿಂಪಿನ ಕ್ಯಾಮೆರಾ ಚಿತ್ರವನ್ನು ವೈಫೈ ಮೂಲಕ ಲ್ಯಾಪ್‌ಟಾಪಿಗೆ ಕಳಿಸಲಿ. ಲ್ಯಾಪ್‌ಟಾಪ್ ಗುರುತು ಹುಡುಕಿ, ಹೋಗಬೇಕಾದ ದಿಕ್ಕು ಮತ್ತು ವೇಗವನ್ನು ಮರಳಿಸಲಿ. ಎತ್ತರ ಕಾಯುವುದು, ಸುತ್ತದಂತೆ ನೋಡಿಕೊಳ್ಳುವುದು ಮಾತ್ರ ಬ್ಲಿಂಪಿನ ಬೋರ್ಡಿನಲ್ಲೇ ನಡೆಯಬೇಕು. ಚಿತ್ರ ಹೋಗಿ ಆದೇಶ ಬರಲು ಸೆಕೆಂಡಿನ ಐದನೆಯ ಒಂದು ಭಾಗ ತಡವಾದರೂ ಇಷ್ಟು ನಿಧಾನದ ವಾಹನಕ್ಕೆ ಅಡ್ಡಿಯಿಲ್ಲ.

ಗುರುತಿನ ಅಳತೆ ಲೆಕ್ಕ ಹಾಕಿ ಆರಿಸಿ. ಕ್ಯಾಮೆರಾದ ನೋಟ 60 ಡಿಗ್ರಿ, ಎತ್ತರ 3 ಮೀಟರ್ ಆದರೆ ನೆಲದಲ್ಲಿ ಕಾಣುವುದು 3.5 ಮೀಟರ್ ಅಗಲ. 320 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ 1.1 ಸೆಂ.ಮೀ. 36ಎಚ್11 ಎಂಬ ಬಗೆಯ ಏಪ್ರಿಲ್‌ಟ್ಯಾಗ್ ಗುರುತಿನ ಕಪ್ಪು ಅಂಚು ಸೇರಿ ಅಡ್ಡಲಾಗಿ 8 ಮನೆಗಳು (ಸಣ್ಣ ಚೌಕಗಳು), ಮನೆಗೆ 3 ಪಿಕ್ಸೆಲ್ ಬೇಕೆಂದರೆ 26 ಸೆಂ.ಮೀ. ಗುರುತು. ಎ4 ಹಾಳೆಯ ಅಗಲ 21 ಸೆಂ.ಮೀ., ಸಾಲದು. ಎ3 ಹಾಳೆಯಲ್ಲಿ ಮುದ್ರಿಸಿ, ಇಲ್ಲವೇ 640 ಪಿಕ್ಸೆಲ್ ಚಿತ್ರ ಬಳಸಿ. ಆಗ 18 ಸೆಂ.ಮೀ. ಗುರುತೂ ನಡೆಯುತ್ತದೆ. ಸುತ್ತ ಬಿಳಿ ಅಂಚು ಬಿಡಿ. ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ, ದೀಪದ ಪ್ರತಿಫಲನ ಬಿದ್ದ ಗುರುತು ಕಾಣೆಯಾಗುತ್ತದೆ.

ವೈಫೈ ಆಂಟೆನಾ ಫಾಯಿಲಿನಿಂದ 2–3 ಸೆಂ.ಮೀ. ದೂರ, ಕೆಳಮುಖವಾಗಿರಲಿ. ಬಲೂನಿನ ಲೋಹದ ಪದರ ಸಂಕೇತವನ್ನು ತಡೆಯುತ್ತದೆ. ಅರ್ಧ ಸೆಕೆಂಡು ಆದೇಶ ಬಾರದಿದ್ದರೆ ಎಲ್ಲ ಮೋಟಾರು ನಿಲ್ಲುವಂತೆ ಬರೆಯಿರಿ. ಬ್ಲಿಂಪನ್ನು 3 ಗ್ರಾಂ ಭಾರವಾಗಿಯೇ ಇಟ್ಟಿದ್ದರೆ ಅದು ಸೆಕೆಂಡಿಗೆ 35 ಸೆಂ.ಮೀ. ವೇಗದಲ್ಲಿ ಮೆಲ್ಲಗೆ ನೆಲಕ್ಕಿಳಿಯುತ್ತದೆ. ಹಗುರವಾಗಿಟ್ಟರೆ ಚಾವಣಿಗೆ ಅಂಟಿಕೊಳ್ಳುತ್ತದೆ, ಏಣಿ ತರಬೇಕು.

ಪ್ರಶ್ನೆ: ಬೆಳಿಗ್ಗೆ ಸರಿಯಾಗಿ ತೂಗಿಸಿದ್ದ ಬ್ಲಿಂಪ್ ಮಧ್ಯಾಹ್ನ ಕೋಣೆ ಬಿಸಿಯಾದಾಗ ಕೆಳಗೆ ಕೂತಿತ್ತು. ಬಿಸಿಗೆ ಅನಿಲ ಹಿಗ್ಗಿ ಮೇಲೇರಬೇಕಲ್ಲವೇ?

ಉತ್ತರ: ಬಲೂನು ಹಿಗ್ಗಲು ಜಾಗವಿದ್ದರೆ ಮಾತ್ರ. ಫಾಯಿಲ್ ಹಾಳೆ ಹಿಗ್ಗುವುದಿಲ್ಲ. ಬಿಗಿಯಾಗಿ ತುಂಬಿದ ಬಲೂನಿನ ಗಾತ್ರ ಅಷ್ಟೇ ಉಳಿಯುತ್ತದೆ, ಹೊರಗಿನ ಗಾಳಿ ಮಾತ್ರ ತೆಳುವಾಗುತ್ತದೆ. 10 ಡಿಗ್ರಿ ಏರಿದರೆ ಗಾಳಿಯ ಸಾಂದ್ರತೆ ಶೇ 3ಕ್ಕೂ ಹೆಚ್ಚು ಇಳಿದು, ನಿಮ್ಮ ಬಲೂನು 4.5 ಗ್ರಾಂ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ. ಒಳಗಿನ ಒತ್ತಡವೂ ಏರಿ ಅಂಚಿನ ಬೆಸುಗೆ ಬಿಡಬಹುದು. ಸ್ವಲ್ಪ ಸಡಿಲವಾಗಿ, ಬೆರಳಿನಿಂದ ಒತ್ತಿದರೆ ಒಂದು ಸೆಂ.ಮೀ. ತಗ್ಗುವಷ್ಟು ತುಂಬಿದರೆ ಕೋಣೆಯ ಬಿಸಿ ಏರಿಳಿದರೂ ಎತ್ತುವ ಶಕ್ತಿ ಹೆಚ್ಚುಕಡಿಮೆ ಒಂದೇ ಇರುತ್ತದೆ. ಒಳಗೂ ಹೊರಗೂ ಒಂದೇ ಉಷ್ಣತೆ ಇರಬೇಕಷ್ಟೆ. ಕಿಟಕಿಯ ಬಿಸಿಲು ನೇರ ಬಿದ್ದರೆ ಒಳಗಿನ ಅನಿಲ ಮಾತ್ರ ಬಿಸಿಯಾಗಿ ಮೇಲೇರುತ್ತದೆ.

ಸರಿತೂಗಿಸಲು ಜೇಡಿಯಂಥ ಮೆತ್ತನೆಯ ಮಾಡೆಲಿಂಗ್ ಕ್ಲೇ ಒಳ್ಳೆಯದು. ಚಿಟಿಕೆ ಚಿಟಿಕೆಯಾಗಿ ತೆಗೆಯಬಹುದು, ಸೇರಿಸಬಹುದು.

ಪ್ರಶ್ನೆ: ದೊಡ್ಡ ಬಲೂನು ಸಿಗುತ್ತಿಲ್ಲ. ತುರ್ತು ಸಂದರ್ಭದ ಬೆಳ್ಳಿ ಬಣ್ಣದ ಹೊದಿಕೆಯಿಂದ ನಾವೇ ಮಾಡಿಕೊಳ್ಳಬಹುದೇ?

ಉತ್ತರ: ಆ ಹೊದಿಕೆ ಹಗುರ, ಆದರೆ ಬರೀ ಪಾಲಿಯೆಸ್ಟರ್. ಅದು ಕರಗುವುದು 250 ಡಿಗ್ರಿಯಲ್ಲಿ, ಇಸ್ತ್ರಿಪೆಟ್ಟಿಗೆಗೆ ಬಗ್ಗದು. ಟೇಪು ಹಾಕಿದರೆ ಸುಕ್ಕುಗಳಲ್ಲಿ ಸೋರುತ್ತದೆ. ಒಂದು ಬದಿಗೆ ಪಾಲಿಥಿನ್ ಪದರವಿರುವ ಲೋಹಲೇಪಿತ ಹಾಳೆ ಬೇಕು. ಪಾಲಿಥಿನ್ 110–125 ಡಿಗ್ರಿಯಲ್ಲಿ ಕರಗಿ ಅಂಟುತ್ತದೆ. ಪಾಲಿಥಿನ್ ಬದಿಗಳನ್ನು ಮುಖಾಮುಖಿ ಇಟ್ಟು, ಮೇಲೆ ಬೇಕಿಂಗ್ ಕಾಗದ ಹಾಸಿ, 130–150 ಡಿಗ್ರಿಯ ಇಸ್ತ್ರಿಪೆಟ್ಟಿಗೆಯನ್ನು 2–3 ಸೆಕೆಂಡು ಒತ್ತಿ, ತಣ್ಣಗಾಗುವವರೆಗೆ ಮರದ ಪಟ್ಟಿಯಿಂದ ಅದುಮಿ ಹಿಡಿಯಿರಿ. ಬೆಸುಗೆ 6 ಮಿ.ಮೀ. ಅಗಲವಿರಲಿ. ಮೊದಲು ಚೂರುಗಳಲ್ಲಿ ಪ್ರಯತ್ನಿಸಿ ಎಳೆದು ನೋಡಿ. ಹಾಳೆ ಹರಿಯಬೇಕೇ ಹೊರತು ಬೆಸುಗೆ ಬಿಡಬಾರದು. 15 ಸೆಂ.ಮೀ. ಉದ್ದದ ಬಾಲದಂಥ ಕೊಳವೆ ಬಿಡಿ, ತುಂಬಿಸಿದ ಮೇಲೆ ಅದನ್ನು ಬೆಸೆದು, ಮುಂದಿನ ಸಲ ತುದಿ ಕತ್ತರಿಸಿ ಮತ್ತೆ ಬೆಸೆಯಬಹುದು. ಹೀಲಿಯಂ ಹಾಕುವ ಮೊದಲು ಬರೀ ಗಾಳಿ ತುಂಬಿ ಒಂದು ರಾತ್ರಿ ಇಡಿ. ಬೆಳಗಿಗೆ ಮೆತ್ತಗಾಗಿದ್ದರೆ ಅಂಚಿಗೆ ಸೋಪಿನ ನೊರೆ ಸವರಿ, ಗುಳ್ಳೆ ಏಳುವ ಕಡೆ ಮತ್ತೆ ಬೆಸೆಯಿರಿ.

ಪ್ರಶ್ನೆ: ಸಿಲಿಂಡರಿನಿಂದ ತುಂಬುವಾಗ ಎಚ್ಚರ ವಹಿಸಬೇಕಾದದ್ದೇನು? ಒಮ್ಮೆ ತುಂಬಿದ್ದು ಎಷ್ಟು ಹೊತ್ತು ಹಾರುತ್ತದೆ?

ಉತ್ತರ: ಸಿಲಿಂಡರನ್ನು ನೇರ ನಿಲ್ಲಿಸಿ ಗೋಡೆಗೆ ಅಥವಾ ಭದ್ರವಾದ ಕಂಬಕ್ಕೆ ಪಟ್ಟಿ ಬಿಗಿಯಿರಿ. ಅನಿಲದ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಇಲ್ಲದೆ ತೆರೆಯಬೇಡಿ. ಕಿಟಕಿ ತೆರೆದಿರಲಿ. ಧ್ವನಿ ಬದಲಾಗಲೆಂದು ಹೀಲಿಯಂ ಉಸಿರಾಡಲು ಯಾರಿಗೂ ಬಿಡಬೇಡಿ. ಅದರಲ್ಲಿ ಆಮ್ಲಜನಕವಿಲ್ಲ, ಅರಿವು ತಪ್ಪಿ ಸಾಯುವವರಿದ್ದಾರೆ. ಸಿಲಿಂಡರಿನಿಂದ ನೇರ ಎಳೆದರೆ ಒತ್ತಡಕ್ಕೆ ಶ್ವಾಸಕೋಶವೇ ಹರಿಯಬಹುದು.

ಕ್ಯಾಮೆರಾ ಇಲ್ಲದ ಜೋಡಣೆ ಸರಾಸರಿ 250–300 ಮಿಲಿಆಂಪ್ ಎಳೆದರೆ, 300 ಎಂಎಎಚ್ ಬ್ಯಾಟರಿಯ ಶೇ 80 ಬಳಸಿ 50 ನಿಮಿಷದ ಆಸುಪಾಸು ಹಾರುತ್ತದೆ. ಕ್ಯಾಮೆರಾ ಸೇರಿದರೆ ಅರ್ಧ ಗಂಟೆ ಎಂದುಕೊಳ್ಳಿ. ರಾತ್ರಿ ಬ್ಯಾಟರಿ ತೆಗೆದಿಟ್ಟು, ಬಲೂನನ್ನು ಚೂಪು ವಸ್ತುಗಳಿಲ್ಲದ ಕೋಣೆಯಲ್ಲಿ ಅಗಲ ಪಟ್ಟಿಯಿಂದ ಕಟ್ಟಿಡಿ. ತೆಳು ದಾರ ಅಂಚನ್ನು ಕೊಯ್ಯುತ್ತದೆ. ಪ್ರತಿ ಬೆಳಿಗ್ಗೆ ಸರಿತೂಗಿಸಲು ಎಷ್ಟು ಜೇಡಿ ತೆಗೆಯಬೇಕಾಯಿತೆಂದು ಬರೆದಿಡಿ. ದಿನದ ಸೋರಿಕೆ ಅದೇ. ಅದು ಒಮ್ಮೆಗೇ ಹೆಚ್ಚಾದರೆ ಎಲ್ಲೋ ಸೂಜಿಮೊನೆಯ ತೂತಾಗಿದೆ. ಬಲೂನಿನ ಮಡಿಕೆಗಳನ್ನೂ ತುಂಬುವ ಬಾಯಿಯನ್ನೂ ಮೊದಲು ನೋಡಿ, ಸಿಕ್ಕ ಕಡೆ ಒಣಗಿಸಿ ಒಂದು ಸೆಂ.ಮೀ. ಪಾರದರ್ಶಕ ಟೇಪು ಅಂಟಿಸಿದರೆ ಸಾಕು.